ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿ, ದುಬೈನ ಐಜಿಸಿಎಸ್‌ಇ: ತುಮಕೂರಲ್ಲಿ ಪಿಎಚ್‌ಡಿಗೂ ಪಿಯುಸಿಗೂ ಸೇರೋಕೆ ತತ್ಸಮಾನ ಪತ್ರ ಹೇಗೆ?

ಕ್ಯಾತ್ಸಂದ್ರ_77

ಎಲ್ಲರಿಗೂ ನಮಸ್ಕಾರ. ಒಂದೇ ಮನೆಯ ಎರಡು ಕೇಸು, ಎರಡೂ ತುಮಕೂರಿಗೇ ಬಂದು ಸೇರಬೇಕಾದವು.

ಮೊದಲನೇದು: ತುಮಕೂರು ವಿಶ್ವವಿದ್ಯಾನಿಲಯದ ಮೂರು ವರ್ಷದ ಬಿಎಸ್ಸಿ, ಅದಾದ ಮೇಲೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿ. ಈಗ ಇಲ್ಲೇ ಪಿಎಚ್‌ಡಿಗೆ ಅರ್ಜಿ ಹಾಕಬೇಕು, ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗೋಕೆ ರಾಜ್ಯದ ಅರ್ಹತಾ ಪರೀಕ್ಷೆ) ಕೂಡ ಬರೀಬೇಕು. ಕೇಳಿದ ಕಡೆ ಅರ್ಧ ಜನ "ಒಂದು ವರ್ಷದ ಪಿಜಿ ನಮ್ಮಲ್ಲಿ ನಡೆಯಲ್ಲ" ಅಂತಾರೆ, ಉಳಿದರ್ಧ "ಎಐಯು ಪತ್ರ ತಂದುಬಿಡಿ, ಎಲ್ಲಾ ಸರಿಹೋಗುತ್ತೆ" ಅಂತಾರೆ. (ಎಐಯು ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ.) ಯಾವುದು ನಿಜ? ಕೈಯಲ್ಲಿ ಡಬ್ಲ್ಯೂಇಎಸ್ ಅನ್ನೋ ಸಂಸ್ಥೆಯ ಪದವಿ ಮೌಲ್ಯಮಾಪನ ರಿಪೋರ್ಟ್ ಇದೆ, ಅದು ನಡೆಯುತ್ತಾ?

ಎರಡನೇದು: ದುಬೈನ ಬ್ರಿಟಿಷ್ ಸಿಲಬಸ್ ಶಾಲೆಯ ಹುಡುಗಿ. ಬರುವ ಮೇ-ಜೂನ್‌ನಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ (ಬ್ರಿಟಿಷ್ ಪದ್ಧತಿಯ ಹತ್ತನೇ ತರಗತಿ ಮಟ್ಟದ ಪರೀಕ್ಷೆ) ಬರೆದು ಇಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಬೇಕು. ಅವಳ ತಮ್ಮ ಅದೇ ಶಾಲೆಯಲ್ಲಿ ಇಯರ್ 7 ಮುಗಿಸ್ತಾನೆ, ಅವನನ್ನು ಯಾವ ಕ್ಲಾಸಿಗೆ ಹಾಕಬೇಕು?

ಬೆಂಗಳೂರಿನ ಏಜೆಂಟ್ ಒಬ್ಬರು ಎಲ್ಲ ಕಾಗದಕ್ಕೂ ಸೇರಿಸಿ "ದೆಹಲಿಯ ಎಂಇಎ ಅಪೊಸ್ಟಿಲ್ ಹಾಕಿಸಿಕೊಡ್ತೀವಿ" ಅಂತ ರೇಟು ಹೇಳಿದ್ದಾರೆ. ಕೊಡಬೇಕಾ?

ಶಿರಾಗೇಟ್

ಏಜೆಂಟ್ ವಿಷಯ ಮೊದಲು ಮುಗಿಸಿಬಿಡೋಣ: ಕೊಡಬೇಡಿ. ಅಪೊಸ್ಟಿಲ್ ಅನ್ನೋದು ಕಾಗದದ ಸಹಿ, ಮುದ್ರೆ ಅಸಲಿ ಅಂತ ಬೇರೆ ದೇಶಕ್ಕೆ ಹೇಳುವ ಮುದ್ರೆ, ಕಾಗದ ಹುಟ್ಟಿದ ದೇಶದಲ್ಲೇ ಬೀಳಬೇಕಾದದ್ದು. ನಮ್ಮ ವಿದೇಶಾಂಗ ಸಚಿವಾಲಯ (ಎಂಇಎ) ಹಾಕೋದು ಭಾರತದ ಕಾಗದಗಳಿಗೆ, ಅಂದರೆ ಇಲ್ಲಿನ ಅಂಕಪಟ್ಟಿ ಹೊರದೇಶಕ್ಕೆ ಹೋಗುವಾಗ. ಇಂಗ್ಲೆಂಡಿನ ಡಿಗ್ರಿಯ ಅಸಲಿ ಸಹಿ ಯಾರದ್ದು ಅಂತ ದೆಹಲಿಗೆ ಏನು ಗೊತ್ತು? ಏಜೆಂಟರು ಡಿಗ್ರಿಯ ಜೆರಾಕ್ಸ್‌ಗೆ ಇಲ್ಲಿನ ನೋಟರಿ ಹಾಕಿಸಿ, ಆ ನೋಟರಿಯ ಸಹಿಗೆ ಮುದ್ರೆ ತಂದುಕೊಡ್ತಾರೆ. ನೋಡೋಕೆ ಭರ್ಜರಿಯಾಗಿರುತ್ತೆ. ಆದರೆ ಅದು ಹೇಳೋದು "ನೋಟರಿಯ ಸಹಿ ನಿಜ" ಅಂತ ಮಾತ್ರ, ಡಿಗ್ರಿ ನಿಜ ಅಂತ ಅಲ್ಲ. ವಿವಿ ಕಚೇರಿಯಲ್ಲಿ ಕಣ್ಣಿಟ್ಟು ನೋಡುವವರು ಇದ್ದರೆ ಅಲ್ಲೇ ಬಿದ್ದುಹೋಗುತ್ತೆ.

ಬ್ರಿಟನ್ನಿನ ಡಿಗ್ರಿಗೆ ದಾರಿ ಹೀಗೆ. ಮೊದಲು ಅಲ್ಲಿನ ಸಾಲಿಸಿಟರ್ ಅಥವಾ ನೋಟರಿ ದೃಢೀಕರಿಸಬೇಕು, ಆಮೇಲೆ ಅಲ್ಲಿನ ವಿದೇಶಾಂಗ ಕಚೇರಿಯ ಲೀಗಲೈಸೇಶನ್ ವಿಭಾಗ ಅಪೊಸ್ಟಿಲ್ ಹಾಕುತ್ತೆ. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಹಾಗಾಗಿ ಅಲ್ಲಿಂದಾಚೆಗೆ ಹೈಕಮಿಷನ್ ಮುದ್ರೆ ಬೇಕಿಲ್ಲ. ಇಲ್ಲಿಂದಲೇ ಕೊರಿಯರ್‌ನಲ್ಲಿ ಕಳಿಸಿ ಮಾಡಿಸಬಹುದು, ಇಂಗ್ಲೆಂಡಿನಲ್ಲಿ ಇನ್ನೂ ಗುರುತಿನವರಿದ್ದರೆ ಅವರ ಕೈಲಿ ಮಾಡಿಸಿದರೆ ಖರ್ಚು ಕಡಿಮೆ. ಎಲೆಕ್ಟ್ರಾನಿಕ್ ಅಪೊಸ್ಟಿಲ್ ಕೂಡ ಕೊಡ್ತಾರೆ, ಪಿಡಿಎಫ್‌ನಲ್ಲೇ ಬರುತ್ತೆ. ಅದನ್ನು ತರಿಸುವ ಮುಂಚೆ ಇಲ್ಲಿನ ಕಚೇರಿ ಒಪ್ಪುತ್ತಾ ಕೇಳಿಕೊಳ್ಳಿ. ಕಾಗದದ ಮೇಲೆ ಉಬ್ಬು ಮುದ್ರೆ ಬೆರಳಿಗೆ ತಾಗದಿದ್ದರೆ ನಂಬದವರು ಇನ್ನೂ ಇದ್ದಾರೆ.

ಡಬ್ಲ್ಯೂಇಎಸ್ ರಿಪೋರ್ಟ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಅಮೆರಿಕ, ಕೆನಡಾದಲ್ಲಿ ಓದೋಕೆ, ವಲಸೆಗೆ ಮಾಡಿಸುವಂಥದ್ದು.

ಈಗ ಅಸಲಿ ವಿಷಯ. ಜನ ಮೂರು ಮಾತು ಕಲಸಿಬಿಡ್ತಾರೆ. ಮಾನ್ಯತೆ ಅಂದರೆ ಆ ವಿವಿ ಅದರ ದೇಶದಲ್ಲಿ ಅಧಿಕೃತವಾ ಅನ್ನೋದು. ತತ್ಸಮಾನ ಅಂದರೆ ಅದರ ಡಿಗ್ರಿ ನಮ್ಮ ಯಾವ ಡಿಗ್ರಿಗೆ ಸಮ ಅನ್ನೋದು. ಅರ್ಹತೆ ಅಂದರೆ ಈ ಕೋರ್ಸಿಗೆ ಈ ವಿದ್ಯಾರ್ಥಿಯನ್ನು ತಗೋಬಹುದಾ ಅನ್ನೋದು. ಮೊದಲೆರಡನ್ನು ದೆಹಲಿ ಹೇಳುತ್ತೆ. ಮೂರನೆಯದನ್ನು ಸೇರಿಸಿಕೊಳ್ಳುವ ವಿವಿಯೇ ಹೇಳಬೇಕು, ಅದಕ್ಕೇ ಎಲಿಜಿಬಿಲಿಟಿ ಸರ್ಟಿಫಿಕೇಟ್ ಅಂತ ಬೇರೆ ಅರ್ಜಿ ಇರೋದು. ತತ್ಸಮಾನ ಪತ್ರ ಕೈಗೆ ಬಂತು, ಸೀಟು ಸಿಕ್ಕಿತು ಅಂತ ಅಂದುಕೊಂಡವರು ಇಲ್ಲೇ ಎಡವೋದು.

ತತ್ಸಮಾನ ಪತ್ರವನ್ನು ಬಹುಕಾಲದಿಂದ ಕೊಡುತ್ತಾ ಬಂದಿದ್ದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ನೀವು ಹೇಳಿದ ಎಐಯು. 2025ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೇ ಪ್ರತ್ಯೇಕ ನಿಯಮಾವಳಿ ತಂದಿದೆ: ಆನ್‌ಲೈನ್ ಪೋರ್ಟಲ್ ಅರ್ಜಿ, ತಜ್ಞರ ಸ್ಥಾಯಿ ಸಮಿತಿ, 15 ಕೆಲಸದ ದಿನದೊಳಗೆ ತೀರ್ಮಾನ, ತಿರಸ್ಕರಿಸಿದರೆ 30 ಕೆಲಸದ ದಿನದೊಳಗೆ ಮರುಪರಿಶೀಲನೆಗೆ ಅರ್ಜಿ. ನೆಟ್ ಮುಂತಾದ ಪರೀಕ್ಷೆಗಳ ಮಾಹಿತಿ ಪುಸ್ತಕಗಳಲ್ಲಿ ಮಾತ್ರ ಎಐಯು ಹೆಸರೇ ಬೇರೂರಿದೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ರಿಜಿಸ್ಟ್ರಾರ್ ಕಚೇರಿಗೆ ಒಂದು ಇಮೇಲ್ ಹಾಕಿ "ಈ ಸಾಲಿನ ಪಿಎಚ್‌ಡಿಗೆ ಯಾರ ತತ್ಸಮಾನ ಪತ್ರ ಬೇಕು" ಅಂತ ಕೇಳಿ, ಬಂದ ಉತ್ತರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಮುಂದಿನ ವಾರ ಇನ್ನೊಬ್ಬರ ಬಾಯಲ್ಲಿ ಬೇರೆಯಾಗಿರುತ್ತೆ.

"ಒಂದು ವರ್ಷದ ಪಿಜಿ ನಡೆಯಲ್ಲ" ಅನ್ನೋದು ಹಳೇ ಮಾತು, ಆದರೆ ಪೂರ್ತಿ ಸುಳ್ಳಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಎರಡು ಲೆಕ್ಕ ಇದೆ: ಮೂರು ವರ್ಷದ ಪದವಿ ಮೇಲೆ ಎರಡು ವರ್ಷದ ಸ್ನಾತಕೋತ್ತರ, ಇಲ್ಲವೇ ನಾಲ್ಕು ವರ್ಷದ ಪದವಿ ಮೇಲೆ ಒಂದು ವರ್ಷದ್ದು. ಎರಡರ ಮೊತ್ತವೂ ಐದು. ನಿಮ್ಮ ಕೇಸು ಮೂರು ಪ್ಲಸ್ ಒಂದು, ನಾಲ್ಕಕ್ಕೇ ನಿಂತುಬಿಡುತ್ತೆ. ಕೇಸ್‌ವರ್ಕರ್ ಬೆರಳು ಮಡಚಿ ಎಣಿಸಿದ ಕೂಡಲೇ "ಆಗಲ್ಲ" ಅನ್ನೋದು ಇದಕ್ಕೇ. ಆದರೆ ಅದೇ ನಿಯಮದಲ್ಲಿ ವಿದೇಶಿ ಸಂಸ್ಥೆಯ ತತ್ಸಮಾನ ಅರ್ಹತೆಗೂ ಜಾಗ ಇದೆ, ಆ ಸಂಸ್ಥೆ ಅದರ ದೇಶದಲ್ಲಿ ಮಾನ್ಯತೆ ಪಡೆದಿರಬೇಕು ಅಷ್ಟೇ. ಜತೆಗೆ 2022ರ ಜುಲೈ 21ರಂದು ಭಾರತ ಮತ್ತು ಬ್ರಿಟನ್ ಪದವಿಗಳ ಪರಸ್ಪರ ಮಾನ್ಯತೆಗೆ ಸಹಿ ಹಾಕಿವೆ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಅದರೊಳಗೆ ಬರುತ್ತೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್‌ನಂಥ ವೃತ್ತಿಪರ ಪದವಿಗಳನ್ನು ಹೊರಗಿಟ್ಟಿದ್ದಾರೆ. ಎಂಎಸ್ಸಿಗೆ ತೊಂದರೆಯಿಲ್ಲ. ಅಂದರೆ ನಿಮ್ಮ ಕೇಸು ಪೂರ್ತಿ ನಿಂತಿರೋದು ಆ ತತ್ಸಮಾನ ಪತ್ರದ ಒಂದು ಸಾಲಿನ ಮೇಲೆ. ಪತ್ರವಿಲ್ಲದೆ ಅರ್ಜಿ ಹಾಕಬೇಡಿ. ಅರ್ಜಿಯ ಕೊನೇ ದಿನಕ್ಕೆ ಮುಂಚಿನ ತಾರೀಕು ಆ ಪತ್ರದ ಮೇಲೆ ಇರಲಿ. "ಅರ್ಜಿ ಹಾಕಿದ್ದೀನಿ, ಬರುತ್ತೆ" ಅನ್ನೋ ರಸೀದಿಗೆ ಬೆಲೆ ಇಲ್ಲ.

ಯುಜಿಸಿಯ 2025ರ ತತ್ಸಮಾನ ನಿಯಮದಲ್ಲಿ ಅವರು ನೋಡೋದು ಮುಖ್ಯವಾಗಿ ಇಷ್ಟು. ಆ ವಿವಿ ಅದರ ದೇಶದಲ್ಲಿ ಅಧಿಕೃತವಾ, ಸೇರುವಾಗ ಕೇಳಿದ ಅರ್ಹತೆ ಇಲ್ಲಿನ ಅಂಥದ್ದೇ ಕೋರ್ಸಿನ ಹಾಗಿತ್ತಾ, ರೆಗ್ಯುಲರ್ ಆಗಿ ಓದಿದ್ದಾ. ಫ್ರಾಂಚೈಸಿ ವ್ಯವಸ್ಥೆಯಲ್ಲಿ ಪಡೆದ ಡಿಗ್ರಿಗೆ ತತ್ಸಮಾನ ಇಲ್ಲ. ಅಂದರೆ ಪಾಠ ಒಂದು ದೇಶದ ಖಾಸಗಿ ಕಾಲೇಜಿನಲ್ಲಿ, ಡಿಗ್ರಿ ಕಾಗದ ಮಾತ್ರ ಬ್ರಿಟನ್ ವಿವಿಯದ್ದು ಅನ್ನೋ ಥರದ್ದು ನಡೆಯಲ್ಲ. ಡಿಗ್ರಿಯ ಮೇಲೆ ಇದು ಕಾಣಲ್ಲ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ "ಕಲಿಸಿದ ಸ್ಥಳ" ಅನ್ನೋ ಸಾಲಲ್ಲಿ ಸಿಕ್ಕಿಬೀಳುತ್ತೆ.

ವಿವಿಯಿಂದ ಒಂದು ಪತ್ರ ಬರೆಸಿಕೊಳ್ಳಿ. ಪೂರ್ಣಾವಧಿ, ಕ್ಯಾಂಪಸ್‌ನಲ್ಲೇ, ಶುರುವಾದ ತಾರೀಕು, ಮುಗಿದ ತಾರೀಕು, ಒಟ್ಟು ಕ್ರೆಡಿಟ್, ಯಾವ ಅರ್ಹತೆಯ ಮೇಲೆ ಸೇರಿಸಿಕೊಂಡರು, ಇಷ್ಟೂ ಒಂದೇ ಹಾಳೆಯಲ್ಲಿ ಇರಲಿ. ಕ್ರೆಡಿಟ್ ಬಗ್ಗೆ ಒಂದು ಮಾತು: ಬ್ರಿಟನ್ ಎಂಎಸ್ಸಿಗೆ 180, ನಮ್ಮ ಎರಡು ವರ್ಷದ್ದಕ್ಕೆ 80 ಅಂತ ಕಂಡು "ಅಬ್ಬಾ, ಎರಡರಷ್ಟಿದೆ" ಅಂತ ವಾದಿಸಬೇಡಿ. ಅಲ್ಲಿ ಒಂದು ಕ್ರೆಡಿಟ್ ಅಂದರೆ 10 ಗಂಟೆ ಕಲಿಕೆ, ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆ. 180 ಅಂದರೆ 1,800 ಗಂಟೆ, ನಮ್ಮ ಲೆಕ್ಕಕ್ಕೆ ತಂದರೆ 60. ಒಂದು ವರ್ಷಕ್ಕೆ ನಮ್ಮದು 40, ಎರಡಕ್ಕೆ 80, ಇದು ಮಧ್ಯದಲ್ಲಿ ಬಂದು ಕೂರುತ್ತೆ. ಇದು ಬರೀ ಅಂಕಗಣಿತ, ಅಧಿಕೃತ ಪರಿವರ್ತನೆ ಅಂತ ಯಾರ ಮುಂದೂ ಇಡಬೇಡಿ.

ಮಧುಗಿರಿ_ಮೇಷ್ಟ್ರು

ಶಾಲೆ ಭಾಗ ನಾನು ಹೇಳ್ತೀನಿ.

ಹುಡುಗನದ್ದು ಸುಲಭ. ಬ್ರಿಟಿಷ್ ಪದ್ಧತಿಯ ಇಯರ್ ಸಂಖ್ಯೆಯಲ್ಲಿ ಒಂದು ಕಳೆದರೆ ನಮ್ಮ ತರಗತಿ. ಇಯರ್ 7 ಮುಗಿಸಿದ್ದಾನೆ ಅಂದರೆ ಆರನೇ ಕ್ಲಾಸ್ ಪಾಸು, ಇಲ್ಲಿ ಏಳಕ್ಕೆ ಸೇರ್ತಾನೆ. ಟಿಸಿಯಲ್ಲಿ "ಇಯರ್ 7" ಅಂತ ನೋಡಿ ಎಂಟಕ್ಕೆ ಬರೆದುಬಿಟ್ಟರೆ, ಆಮೇಲೆ ಎಸ್‌ಎಟಿಎಸ್‌ನಲ್ಲಿ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ತಿದ್ದಿಸೋಕೆ ಬಿಇಒ ಕಚೇರಿಗೆ ಅಲೆಯಬೇಕು. ಆ ಶಾಲೆಯವರಿಂದಲೇ ಟಿಸಿ ಮೇಲೆ "12 ವರ್ಷಗಳ ಶಾಲಾ ವ್ಯವಸ್ಥೆಯ ಗ್ರೇಡ್ 6ಕ್ಕೆ ಸಮ, ಮುಂದಿನ ತರಗತಿಗೆ ತೇರ್ಗಡೆ" ಅಂತ ಒಂದು ಸಾಲು ಬರೆಸಿಕೊಂಡು ಬನ್ನಿ.

ಎಂಟನೇ ತರಗತಿವರೆಗೆ ಎಐಯು ಗಿಯು ಏನೂ ಬೇಡ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅಂತಲೇ ಇದೆ. ಟಿಸಿ ತಡವಾಯ್ತು ಅಂತ ಸರ್ಕಾರಿ, ಅನುದಾನಿತ ಶಾಲೆಯವರು ದಾಖಲಾತಿ ನಿಲ್ಲಿಸುವಂತಿಲ್ಲ. ಹುಡುಗನಿಗೆ ಎಸ್‌ಎಟಿಎಸ್ ನಂಬರ್ ಇರಲ್ಲ, ಶಾಲೆಯವರೇ ಹೊಸದಾಗಿ ತೆರೆಯಬೇಕು. ಅದರೊಳಗಿನ ಹೆಸರು, ಹುಟ್ಟಿದ ತಾರೀಕು ಆಧಾರ್‌ನ ಹಾಗೇ ಇರಬೇಕು. ಆಧಾರ್ ಇಲ್ಲದಿದ್ದರೆ, ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬಂದಿಳಿದ ಕೂಡಲೇ ಮಾಡಿಸಬಹುದು, 182 ದಿನ ಕಾಯುವ ಕಟ್ಟಳೆ ಅವರಿಗಿಲ್ಲ. ವಿದೇಶಿ ಪೌರತ್ವದ, ಓಸಿಐ ಕಾರ್ಡಿನ ಮಕ್ಕಳಿಗೆ ಇದೆ. ನಿಜವಾದ ಕಷ್ಟ ಬೇರೆ ಕಡೆ ಇದೆ: ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಒಂದರಿಂದ ಹತ್ತರವರೆಗೆ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಮನೇಲಿ ಮಾತಾಡ್ತಾನೆ ಅಂತ ಸುಮ್ಮನಿರಬೇಡಿ, ಒತ್ತಕ್ಷರ ಬರೆಯೋದು ಬೇರೆ ವಿದ್ಯೆ. ಈಗಿನಿಂದಲೇ ದಿನಾ ಅರ್ಧ ಗಂಟೆ ಕಾಪಿ ಬರೆಸಿ.

ಹುಡುಗಿಯದ್ದಕ್ಕೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಬೇಕು. ಕೇಂಬ್ರಿಡ್ಜ್‌ನ ಮೇ-ಜೂನ್ ಸರಣಿಯ ಫಲಿತಾಂಶ ಬರೋದು ಆಗಸ್ಟ್ ಮಧ್ಯದ ನಂತರ. ಇಲ್ಲಿ ಪ್ರಥಮ ಪಿಯು ಅಷ್ಟು ಹೊತ್ತಿಗೆ ಶುರುವಾಗಿ ಮೊದಲ ಕಿರುಪರೀಕ್ಷೆಯೂ ಮುಗಿದಿರುತ್ತೆ. ಪಿಯು ಇಲಾಖೆ ಪ್ರತಿ ವರ್ಷ ದಂಡವಿಲ್ಲದೆ ಸೇರುವ ಕೊನೇ ದಿನ, ದಂಡದ ಜತೆ ಸೇರುವ ಕೊನೇ ದಿನ ಅಂತ ಸುತ್ತೋಲೆ ಹೊರಡಿಸುತ್ತೆ. ಆಗಸ್ಟ್ ಕೊನೆಗೆ ಹೋದರೆ ಪ್ರಾಂಶುಪಾಲರಿಗೆ ಮನಸ್ಸಿದ್ದರೂ ದಾರಿ ಇರಲ್ಲ. ಇದಕ್ಕಿರೋದು ಎರಡೇ ಉಪಾಯ. ಒಂದು, ಅದಕ್ಕೂ ಮುಂಚಿನ ಅಕ್ಟೋಬರ್-ನವೆಂಬರ್ ಸರಣಿಯಲ್ಲೇ ಬರೆಸೋದು, ಅದರ ಫಲಿತಾಂಶ ಜನವರಿಯಲ್ಲಿ ಬರುತ್ತೆ, ತತ್ಸಮಾನ ಪತ್ರಕ್ಕೂ ನಾಲ್ಕೈದು ತಿಂಗಳು ಕೈಯಲ್ಲಿರುತ್ತೆ. ಎರಡು, ಕಾಲೇಜಿನ ಮೂಲಕ ಪಿಯು ಉಪನಿರ್ದೇಶಕರ ಕಚೇರಿಗೆ ಮೇ ತಿಂಗಳಲ್ಲೇ ಪತ್ರ ಬರೆದು ತಾತ್ಕಾಲಿಕ ದಾಖಲಾತಿ ಕೇಳೋದು. ಅದಕ್ಕೆ ಪರೀಕ್ಷೆಯ ಪ್ರವೇಶ ಪತ್ರ, ಶಾಲೆ ಕೊಟ್ಟ ಇಯರ್ 11ರ ಅಂಕಪಟ್ಟಿ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ. ಎರಡನೇದು ಅಧಿಕಾರಿಯ ವಿವೇಚನೆ ಮೇಲೆ ನಿಂತಿದೆ, ಆದ್ದರಿಂದ ನನ್ನ ಓಟು ಮೊದಲನೇದಕ್ಕೇ. ಇದು ಪಿಯು ವಿಷಯ, ಡಿಡಿಪಿಯು ಕಚೇರಿಗೆ ಹೋಗಿ. ಪ್ರೌಢಶಾಲೆ ನೋಡೋ ಡಿಡಿಪಿಐ ಬೇರೆ. ನಮ್ಮ ಜಿಲ್ಲೆಯಲ್ಲಿ ಡಿಡಿಪಿಐ ಇಬ್ಬರು, ತುಮಕೂರಿಗೊಬ್ಬರು, ಮಧುಗಿರಿ ಶೈಕ್ಷಣಿಕ ಜಿಲ್ಲೆಗೊಬ್ಬರು. ತಪ್ಪು ಬಾಗಿಲಲ್ಲಿ ಕ್ಯೂ ನಿಲ್ಲೋರು ದಿನಾ ಇದ್ದೇ ಇರ್ತಾರೆ.

ಹತ್ತನೇ ತರಗತಿಗೆ ಸಮ ಅನ್ನಿಸಿಕೊಳ್ಳೋಕೆ ಐಜಿಸಿಎಸ್‌ಇಯಲ್ಲಿ ಕನಿಷ್ಠ ಐದು ವಿಷಯ, ಎ-ಸ್ಟಾರ್‌ನಿಂದ ಸಿ ಒಳಗೆ ಬೇಕು. ಕೇಂಬ್ರಿಡ್ಜ್ ಲೆಕ್ಕದಲ್ಲಿ ಡಿ, ಇ ಕೂಡ ಗ್ರೇಡೇ, ಸರ್ಟಿಫಿಕೇಟಿನಲ್ಲಿ ಅಚ್ಚಾಗಿಯೇ ಬರುತ್ತೆ, ಆದರೆ ಇಲ್ಲಿ ಎಣಿಕೆಗೆ ಬರಲ್ಲ. ಇದಕ್ಕಿಂತ ಮೋಸದ್ದು ಕೋರ್ ಮತ್ತು ಎಕ್ಸ್‌ಟೆಂಡೆಡ್ ಅನ್ನೋ ಭೇದ. ಒಂದೇ ವಿಷಯಕ್ಕೆ ಸುಲಭದ ಪತ್ರಿಕೆ ಕೋರ್, ಹೆಚ್ಚು ಪಾಠ ಇರೋದು ಎಕ್ಸ್‌ಟೆಂಡೆಡ್. ಕೋರ್ ಪತ್ರಿಕೆ ತಗೊಂಡರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ಮೇಲೆ ಸಿಗಲ್ಲ. ಒಂದೆರಡು ಅಂಕ ಜಾರಿದರೆ ಡಿ, ಐದರ ಲೆಕ್ಕ ನಾಲ್ಕಕ್ಕಿಳಿಯುತ್ತೆ. ಗಣಿತ, ವಿಜ್ಞಾನಕ್ಕೆ ಅವಳನ್ನು ಯಾವುದಕ್ಕೆ ನೋಂದಾಯಿಸಿದ್ದಾರೆ ಅಂತ ಶಾಲೆಗೆ ಫೋನ್ ಮಾಡಿ ಇವತ್ತೇ ಕೇಳಿ. ಪಿಯು ವಿಜ್ಞಾನ ಬೇಕು ಅಂದರೆ ಆರು ಅಥವಾ ಏಳು ವಿಷಯ ಬರೆಸಿ, ಒಂದು ಕೈಕೊಟ್ಟರೂ ಐದು ಉಳಿಯಲಿ.

ಫಲಿತಾಂಶ ಬಂದಾಗ ಎರಡು ಕಾಗದ ಸಿಗುತ್ತೆ. ಮೊದಲು ಸ್ಟೇಟ್‌ಮೆಂಟ್ ಆಫ್ ರಿಸಲ್ಟ್ಸ್, ಕೆಲವು ವಾರ ಬಿಟ್ಟು ಸರ್ಟಿಫಿಕೇಟು. ಸರ್ಟಿಫಿಕೇಟು ಬಂದ ಖುಷಿಗೆ ಮೊದಲನೇ ಹಾಳೆ ಎಸೆಯಬೇಡಿ! ಶೇಕಡಾ ಅಂಕ ಇರೋದು ಅದರಲ್ಲೇ, ಸರ್ಟಿಫಿಕೇಟಿನಲ್ಲಿ ಬರೀ ಗ್ರೇಡು. ಪಿಯು ಕಾಲೇಜಿನ ಆಯ್ಕೆ ಪಟ್ಟಿ ಶೇಕಡಾ ಮೇಲೆ ನಿಲ್ಲುತ್ತೆ, ಬರೀ "ಎ" ಅಂತ ತೋರಿಸಿದರೆ ಗುಮಾಸ್ತರು ಎಷ್ಟು ಅಂತ ತುಂಬಬೇಕು? ಕೇಂಬ್ರಿಡ್ಜ್ ಪ್ರಕಾರ ಎ ಅಂದರೆ 80ರಿಂದ 89, ಎ-ಸ್ಟಾರ್ 90ಕ್ಕೆ ಮೇಲೆ. ಒಂದು ಗ್ರೇಡಿನೊಳಗೇ ಒಂಬತ್ತು ಅಂಕದ ಹರವು, ಅಷ್ಟರಲ್ಲಿ ಸೀಟು ಹೋಗುತ್ತೆ.

ಮುದ್ರೆ ವಿಷಯ ಶಿರಾಗೇಟ್ ಸರಿಯಾಗಿ ಹೇಳಿದ್ದಾರೆ, ದುಬೈಗೆ ಸ್ವಲ್ಪ ಸೇರಿಸ್ತೀನಿ. ಯುಎಇ ಅಪೊಸ್ಟಿಲ್ ಒಪ್ಪಂದದಲ್ಲಿಲ್ಲ. ಟಿಸಿ ಅಲ್ಲಿನ ಕಾಗದ, ಅದಕ್ಕೆ ಮೊದಲು ಕೆಎಚ್‌ಡಿಎ (ದುಬೈನ ಶಿಕ್ಷಣ ಪ್ರಾಧಿಕಾರ) ದೃಢೀಕರಣ, ಆಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ, ಕೊನೆಗೆ ಭಾರತೀಯ ಕಾನ್ಸುಲೇಟ್. ಒಬ್ಬರು ಹಿಂದಿನವರ ಮುದ್ರೆ ನೋಡಿ ತಮ್ಮದು ಹಾಕೋದು, ಕ್ರಮ ತಪ್ಪಿದರೆ ಕಾನ್ಸುಲೇಟ್‌ನಲ್ಲಿ ವಾಪಸ್. ಕೇಂಬ್ರಿಡ್ಜ್ ಸರ್ಟಿಫಿಕೇಟು ಬ್ರಿಟನ್ನಿನ ಕಾಗದ, ಪರೀಕ್ಷೆ ದುಬೈನಲ್ಲಿ ಬರೆದಿದ್ದರೂ. ಹಾಗಾಗಿ ಎರಡು ಕಾಗದ, ಎರಡು ದೇಶ, ಎರಡು ದಾರಿ. ದುಬೈ ಮನೆ ಖಾಲಿ ಮಾಡಿ ವೀಸಾ ರದ್ದಾದ ಮೇಲೆ ಟಿಸಿ ಮುದ್ರೆಗೆ ಓಡಾಡೋರು ಯಾರು? ವಿಮಾನ ಹತ್ತುವ ಮುಂಚೆ ಆ ಕೆಲಸ ಮುಗಿದಿರಲಿ.

ಅವಳು ಅದೇ ದುಬೈನ ಸಿಬಿಎಸ್‌ಇ ಶಾಲೆಯಲ್ಲಿ ಓದಿದ್ದರೆ ಈ ಪಾಡು ಇರಲಿಲ್ಲ. ಬೋರ್ಡು ನಮ್ಮದೇ, ತತ್ಸಮಾನದ ಪ್ರಶ್ನೆಯೇ ಏಳಲ್ಲ, ಟಿಸಿ ಮತ್ತು ಮೈಗ್ರೇಶನ್ ಸಾಕು.

ಭಾಷೆ: ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಇಂಗ್ಲಿಷ್ ಜತೆ ಕನ್ನಡವೇ ಆಗಬೇಕಿಲ್ಲ. ಹಿಂದಿ, ಸಂಸ್ಕೃತ, ಉರ್ದು, ಅರೇಬಿಕ್, ಫ್ರೆಂಚ್ ಎಲ್ಲಾ ಇಲಾಖೆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರೋದು ಬೇರೆ, ತುಮಕೂರಿನ ಕಾಲೇಜಿನಲ್ಲಿ ಪಾಠ ಮಾಡೋರು ಇರೋದು ಬೇರೆ. ಸೇರುವ ಮುಂಚೆ ಕೇಳಿ.

ಇನ್ನೊಂದು, ಈಗ ಸಂಬಂಧವಿಲ್ಲ ಅನ್ನಿಸಬಹುದು. ಎರಡು ವರ್ಷ ಬಿಟ್ಟು ಸಿಇಟಿ ಬರೆಯುವಾಗ ಕರ್ನಾಟಕದ ಸಾಮಾನ್ಯ ಅರ್ಹತಾ ಖಂಡಕ್ಕೆ ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಪಿಯುಸಿಯ ಎರಡು ವರ್ಷ ಸಾಲದು. ತಂದೆ-ತಾಯಿಯ ಓದು, ವಾಸದ ಆಧಾರದ ಬೇರೆ ಖಂಡಗಳಿವೆ, ಅದಕ್ಕೆ ಅವರ ಶಾಲಾ ವ್ಯಾಸಂಗ ಪತ್ರಗಳನ್ನು ಈಗಲೇ ಹುಡುಕಿಡಿ. ಮೂವತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕ ತೆಗೆಸೋದು ಒಂದು ದಿನದ ಕೆಲಸ ಅಲ್ಲ.

ನಂದಿತಪ್ಪಲು

ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಅರ್ಜಿ ವಾಪಸ್ ಬರೋದು ಬಹುಪಾಲು ನಿಯಮದಿಂದಲ್ಲ, ಕಾಗದದಿಂದ. ಅಲ್ಲಿ ನೋಡಿಕೊಳ್ಳಬೇಕಾದ್ದು ಹೇಳ್ತೀನಿ.

ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಲೋಕೇಶ್ ಜಿ.ಎನ್." ಅಂತಿರುತ್ತೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೀತಾರೆ, ಜಿ ಅಂದರೆ ಗುಬ್ಬಿ, ಎನ್ ಅಂದರೆ ನಂಜಪ್ಪ. ಬ್ರಿಟನ್ ವಿವಿ ಪಾಸ್‌ಪೋರ್ಟ್ ನೋಡಿ "ಲೋಕೇಶ್ ಗುಬ್ಬಿ ನಂಜಪ್ಪ" ಅಂತ ಡಿಗ್ರಿ ಅಚ್ಚು ಹಾಕುತ್ತೆ. ದೆಹಲಿಯಲ್ಲಿ ಕೂತವರಿಗೆ ಇವರು ಇಬ್ಬರು ಬೇರೆ ಮನುಷ್ಯರು. ಸಾಲದ್ದಕ್ಕೆ ಊರಿನ ಹೆಸರು ಸರ್‌ನೇಮ್ ಜಾಗದಲ್ಲಿ. ಇದಕ್ಕೆ ಇ-ಸ್ಟ್ಯಾಂಪ್ ಕಾಗದದ ಮೇಲೆ "ಇಬ್ಬರೂ ಒಬ್ಬರೇ" ಅನ್ನೋ ಪ್ರಮಾಣಪತ್ರ, ನೋಟರಿ ಸಹಿ ಮಾಡಿಸಿ. ಅದರಲ್ಲಿ ಎಲ್ಲ ರೂಪಗಳನ್ನೂ ಬರೆಸಿ: ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆ, ಪಿಯುಸಿಯಲ್ಲಿ, ಬಿಎಸ್ಸಿಯಲ್ಲಿ, ಪಾಸ್‌ಪೋರ್ಟ್‌ನಲ್ಲಿ, ಎಂಎಸ್ಸಿಯಲ್ಲಿ. ಒಂದೊಂದಕ್ಕೂ ನೋಂದಣಿ ಸಂಖ್ಯೆ ಪಕ್ಕದಲ್ಲಿ ಹಾಕಿಸಿ. ಬರೀ "ನನಗೆ ಎರಡು ಹೆಸರಿದೆ" ಅಂತ ಬರೆದ ಪ್ರಮಾಣಪತ್ರ ಯಾವ ಕಾಗದಕ್ಕೂ ಗಂಟು ಬೀಳಲ್ಲ.

ಲ್ಯಾಮಿನೇಶನ್. ಡಿಗ್ರಿ ಬಂದ ದಿನವೇ ಜೆರಾಕ್ಸ್ ಅಂಗಡಿಗೆ ಓಡೋದು ನಮ್ಮ ಅಭ್ಯಾಸ. ಲ್ಯಾಮಿನೇಟ್ ಆದ ಕಾಗದದ ಮೇಲೆ ಅಪೊಸ್ಟಿಲ್ ಅಂಟಲ್ಲ, ಮತ್ತೆ ವಿವಿಗೆ ದುಡ್ಡು ಕಟ್ಟಿ ಹೊಸ ಪ್ರತಿ ತರಿಸಬೇಕು. ಅಪೊಸ್ಟಿಲ್ ಹಾಳೆ ಡಿಗ್ರಿಯ ಹಿಂಬದಿಗೆ ಅಂಟಿಸಿಯೇ ಬರುತ್ತೆ. ಸ್ಕ್ಯಾನ್ ಮಾಡುವಾಗ ಕಿತ್ತು ಬಿಡಿಸಿದರೆ ಮುದ್ರೆಯ ಬೆಲೆ ಹೋಯ್ತು. ಮಡಚಿಕೊಂಡೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಅದೇ ಪಿಡಿಎಫ್‌ಗೆ ಸೇರಿಸಿ. ಖಾಲಿ ಹಿಂಬದಿ ಇದ್ದರೂ ಸೇರಿಸಿ, "ಹಿಂದೆ ಏನಿದೆ" ಅಂತ ಒಂದು ಪ್ರಶ್ನೆ ತಪ್ಪುತ್ತೆ.

ಪಾಸ್‌ಪೋರ್ಟ್. ಅಲ್ಲೇ ಇದ್ದು ಓದಿದ್ದಕ್ಕೆ ಸಾಕ್ಷಿ ಅದರ ಮುದ್ರೆಗಳು. ನಡುವೆ ನವೀಕರಣವಾಗಿದ್ದರೆ ಹಳೇ ಪುಸ್ತಕವೂ ಬೇಕು. ಬ್ರಿಟನ್ನಿನಲ್ಲಿ ಹಳೇ ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡು ನಿಂತು ಈಗ ಇ-ವೀಸಾ ಬಂದಿದೆ, ಕೈಯಲ್ಲಿ ಕಾರ್ಡು ಇರಲ್ಲ. ಖಾತೆಗೆ 'ಲಾಗಿನ್' ಆಗೋಕೆ ಬಳಸಿದ ಅಲ್ಲಿನ ಫೋನ್ ನಂಬರ್ ರದ್ದಾಗುವ ಮುಂಚೆ ವೀಸಾ ವಿವರದ ಪುಟ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇನ್ನು ಶೇಕಡಾ 55. ಪಿಎಚ್‌ಡಿಗೂ ಕೆ-ಸೆಟ್‌ಗೂ ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ 55, ಮೀಸಲಾತಿ ವರ್ಗಗಳಿಗೆ 50. ಬ್ರಿಟನ್ನಿನಲ್ಲಿ ಎಂಎಸ್ಸಿ ಪಾಸಾಗೋದು 50ಕ್ಕೆ, ಮೆರಿಟ್ 60ಕ್ಕೆ, ಡಿಸ್ಟಿಂಕ್ಷನ್ 70ಕ್ಕೆ. ಬರೀ "ಪಾಸ್" ಅಂತ ಇದ್ದವರು ಜಾಗ್ರತೆ. ಅಲ್ಲಿ 53 ಗೌರವದ ಅಂಕ, ಇಲ್ಲಿ ಅದು 55ಕ್ಕಿಂತ ಎರಡು ಕಮ್ಮಿ. ತತ್ಸಮಾನ ಪತ್ರ ಡಿಗ್ರಿಯ ಮಟ್ಟ ಹೇಳುತ್ತೆ, ಅಂಕ ಏರಿಸಿಕೊಡಲ್ಲ.

ಸರಾಸರಿ ಹಾಕೋದರಲ್ಲೂ ಗುಂಡಿ ಇದೆ. ಸಾಮಾನ್ಯವಾಗಿ 180 ಕ್ರೆಡಿಟ್‌ನಲ್ಲಿ 20ರ ಆರು ಮಾಡ್ಯೂಲ್, 60ರ ಒಂದು ಪ್ರಬಂಧ. ಆರು ಮಾಡ್ಯೂಲಿನಲ್ಲೂ 52, ಪ್ರಬಂಧದಲ್ಲಿ 63 ಬಂದಿದೆ ಅಂದುಕೊಳ್ಳಿ. ಕ್ರೆಡಿಟ್ ತೂಕ ಹಾಕಿದರೆ 120 ಗುಣಿಸು 52, ಕೂಡಿಸು 60 ಗುಣಿಸು 63, ಭಾಗಿಸು 180, ಬರೋದು 55.67. ಅದೇ ಗುಮಾಸ್ತರು ಏಳು ಸಾಲು ಕಂಡು ಏಳರಿಂದ ಭಾಗಿಸಿದರೆ 53.57. ಒಂದೇ ಅಂಕಪಟ್ಟಿ, ಒಂದು ಲೆಕ್ಕಕ್ಕೆ ಒಳಗೆ, ಇನ್ನೊಂದಕ್ಕೆ ಹೊರಗೆ. ಇದನ್ನು ಕೌಂಟರ್‌ನಲ್ಲಿ ನಿಂತು ವಾದಿಸಿ ಗೆಲ್ಲೋಕಾಗಲ್ಲ. ಒಟ್ಟಾರೆ ತೂಕದ ಸರಾಸರಿ ಇಷ್ಟು, ಲೆಕ್ಕದ ವಿಧಾನ ಇದು ಅಂತ ಬ್ರಿಟನ್ ವಿವಿಯ ಪರೀಕ್ಷಾ ವಿಭಾಗದಿಂದಲೇ ಪತ್ರ ತರಿಸಿ. ಶಿರಾಗೇಟ್ ಹೇಳಿದ ಪತ್ರದಲ್ಲೇ ಈ ಸಾಲೂ ಸೇರಲಿ, ಎರಡು ಸಲ ಕೇಳಬೇಡಿ.

ಅಂತರಗಂಗೆ

ಕೋಲಾರದ ಕಡೆಯಿಂದ ಇದನ್ನು ಓದುವವರಿಗೆ ಸಣ್ಣ ಎಚ್ಚರಿಕೆ. ಮೇಲೆ ಹೇಳಿದ್ದು ಯಾವುದೂ ಎಂಬಿಬಿಎಸ್‌ಗೆ ಅನ್ವಯಿಸಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್ ಇವಕ್ಕೆ ಅವುಗಳದೇ ಪರಿಷತ್ತುಗಳು. ಯುಜಿಸಿ ನಿಯಮವೇ ಇವನ್ನು ಹೊರಗಿಟ್ಟಿದೆ.

ಎಂಬಿಬಿಎಸ್‌ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2021ರ ನವೆಂಬರ್ ನಿಯಮ: ಕನಿಷ್ಠ 54 ತಿಂಗಳ ಕೋರ್ಸು, ಇಂಗ್ಲಿಷ್ ಮಾಧ್ಯಮ, ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಸೇರಿದ ಹತ್ತು ವರ್ಷದೊಳಗೆ ಎಲ್ಲಾ ಮುಗಿಯಬೇಕು, ಆ ದೇಶದಲ್ಲಿ ವೈದ್ಯ ವೃತ್ತಿ ಮಾಡೋಕೆ ಅಲ್ಲಿನವರಷ್ಟೇ ಅರ್ಹತೆ ಸಿಗಬೇಕು. ಹೋಗುವ ಮುಂಚೆ ನೀಟ್ ಅರ್ಹತೆ ಇರಲೇಬೇಕು. ವಾಪಸ್ ಬಂದ ಮೇಲೆ ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ಓದಿದ ವೈದ್ಯರ ಅರ್ಹತಾ ಪರೀಕ್ಷೆ, ಪಾಸಾಗೋಕೆ 300ಕ್ಕೆ 150. ಅದಾದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. "ಎರಡು ವರ್ಷ ಅಲ್ಲಿ ಓದಿ ಉಳಿದದ್ದು ಇಲ್ಲಿನ ಕಾಲೇಜಿಗೆ ವರ್ಗಾಯಿಸಿಕೊಡ್ತೀವಿ" ಅಂತ ಯಾರಾದರೂ ಮುಂಗಡ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ವಿದೇಶಿ ಕಾಲೇಜಿನಿಂದ ಇಲ್ಲಿನ ಎಂಬಿಬಿಎಸ್‌ಗೆ ನಡುವೆ ವರ್ಗಾವಣೆ ಇಲ್ಲ. ಉಕ್ರೇನಿನಿಂದ ವಾಪಸ್ ಬಂದ ಮಕ್ಕಳಿಗೂ 2022ರಲ್ಲಿ ಅದು ಸಿಗಲಿಲ್ಲ.

ಕ್ಯಾತ್ಸಂದ್ರ_77

ತುಂಬಾ ಉಪಕಾರ ಆಯ್ತು. ಏಜೆಂಟ್‌ಗೆ ಬೇಡ ಅಂದಾಯ್ತು. ಹುಡುಗಿಗೆ ಗಣಿತ ಎಕ್ಸ್‌ಟೆಂಡೆಡ್, ಆದರೆ ವಿಜ್ಞಾನ ಕೋರ್ ಅಂತೆ! ಈಗ ಬದಲಾಯಿಸೋಕಾಗುತ್ತಾ ಮೇಷ್ಟ್ರೇ? ಇನ್ನೊಂದು, ಎಂಎಸ್ಸಿಯ ಕೊನೇ ಎರಡು ತಿಂಗಳ ಪ್ರಬಂಧ ಊರಿಗೆ ಬಂದು ಬರೆದಿದ್ದು. ಪಾಸ್‌ಪೋರ್ಟ್‌ನಲ್ಲಿ ತಾರೀಕು ಎದ್ದು ಕಾಣುತ್ತೆ. ತೊಂದರೆ ಆಗುತ್ತಾ?

ಮಧುಗಿರಿ_ಮೇಷ್ಟ್ರು

ಪರೀಕ್ಷೆಗೆ ಹೆಸರು ಕಳಿಸುವ ಗಡುವಿಗೆ ಮುಂಚೆ ಆದರೆ ಶಾಲೆಯೇ ಬದಲಾಯಿಸುತ್ತೆ. ಗಡುವು ದಾಟಿದ್ದರೂ ಹೆಚ್ಚುವರಿ ಶುಲ್ಕ ಕಟ್ಟಿ ತಿದ್ದುಪಡಿ ಕೇಳಬಹುದು. ಪೋಷಕರು ನೇರವಾಗಿ ಕೇಂಬ್ರಿಡ್ಜ್‌ಗೆ ಬರೆದರೆ ಉಪಯೋಗವಿಲ್ಲ, ಶಾಲೆಯ ಪರೀಕ್ಷಾಧಿಕಾರಿ ಮೂಲಕವೇ ಹೋಗಬೇಕು. ಕೇಳುವ ಮುಂಚೆ ಹುಡುಗಿಯನ್ನೇ ಕೂರಿಸಿ ಎಕ್ಸ್‌ಟೆಂಡೆಡ್‌ನ ಹಿಂದಿನ ವರ್ಷದ ಎರಡು ಪತ್ರಿಕೆ ಬರೆಸಿ ನೋಡಿ. ಕೋರ್‌ನಲ್ಲಿ ಇಲ್ಲದ ಪಾಠಗಳು ಅದರಲ್ಲಿ ಇರುತ್ತೆ. ಸಿ ಕೂಡ ಬರದ ಹಾಗಿದ್ದರೆ ಕೋರ್‌ನಲ್ಲೇ ಉಳಿದು ಆರನೇ ವಿಷಯ ಒಂದನ್ನು ಗಟ್ಟಿ ಮಾಡಿಸೋದು ಜಾಣತನ.

ಶಿರಾಗೇಟ್

ಪ್ರಬಂಧದ ಅವಧಿಯಲ್ಲಿ ಪಾಠ ಇರಲ್ಲ, ಆದರೂ ಆ ಎರಡು ತಿಂಗಳು ಪ್ರಶ್ನೆ ಎಬ್ಬಿಸುತ್ತೆ ಅಂತಲೇ ಇಟ್ಟುಕೊಳ್ಳಿ. ಮುಚ್ಚಿಡೋಕೆ ಹೋಗಬೇಡಿ, ಮುದ್ರೆ ಪುಟ ಬಿಟ್ಟು ಸ್ಕ್ಯಾನ್ ಮಾಡಿದರೆ ಪುಟಸಂಖ್ಯೆಯಲ್ಲೇ ಗೊತ್ತಾಗುತ್ತೆ. ಎಲ್ಲ ತರಗತಿ, ಪರೀಕ್ಷೆ ಕ್ಯಾಂಪಸ್‌ನಲ್ಲೇ ಮುಗಿದಿದೆ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಮಾರ್ಗದರ್ಶಕರ ಅನುಮತಿ ಮೇಲೆ ಹೊರಗಿದ್ದು ಪ್ರಬಂಧ ಬರೆದಿದ್ದಾರೆ, ಕೋರ್ಸಿನ ಸ್ವರೂಪ ಪೂರ್ಣಾವಧಿ, ದೂರಶಿಕ್ಷಣ ಅಲ್ಲ. ಇಷ್ಟನ್ನು ವಿವಿಯ ಪತ್ರದಲ್ಲೇ ಸೇರಿಸಿ ಬರೆಸಿ. ಅನುಮತಿ ಕೊಟ್ಟ ಹಳೇ ಇಮೇಲ್ ಇದ್ದರೆ ಈಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ವಿದ್ಯಾರ್ಥಿ ಇಮೇಲ್ ಖಾತೆಯನ್ನು ಓದು ಮುಗಿದ ಮೇಲೆ ವಿವಿಗಳು ಮುಚ್ಚಿಬಿಡ್ತವೆ.